ಕೀಲು ನೋವಿಗೆ ಕ್ಯಾನ್ಸರ್ ಮಾತ್ರೆಯೇ?

"ನನಗೆ 34 ವರ್ಷ. ಒಬ್ಬ ಮಗಳಿದ್ದಾಳೆ. ಒಂದೂವರೆ ವರ್ಷದ ಹಿಂದೆ ಎರಡೂ ಕೈಬೆರಳಿನ ಸಂದುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಹೊತ್ತು ಮುಷ್ಟಿ ಕಟ್ಟಲಿಕ್ಕೇ ಆಗುತ್ತಿರಲಿಲ್ಲ. ರುಮಟಾಯ್ಡ್ ಸಂಧಿವಾತ ಅಂತ ಡಾಕ್ಟರು ಹೇಳಿ, ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಎಷ್ಟೋ ವಾಸಿಯಾಯಿತು. ಈಚೆಗೆ ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ 'ಅಕ್ಕಾ, ಇದು ಕ್ಯಾನ್ಸರ್‌ಗೆ ಕೊಡೋ ಮಾತ್ರೆ ಅಲ್ವಾ?' ಅಂದ. ಅವತ್ತಿನಿಂದ ಮನೆಯಲ್ಲಿ ಅದೇ ಮಾತು. 'ನಿಲ್ಲಿಸಿಬಿಡು, ಇನ್ನೊಂದು ಮಗು ಆಗೋದು ಬೇಡ್ವಾ' ಅಂದರು ಅತ್ತೆ. ನಿಲ್ಲಿಸಿ ಮೂರು ತಿಂಗಳಾಯಿತು. ಪರಿಚಯದವರೊಬ್ಬರು ತಂದುಕೊಟ್ಟ ಪುಡಿ ತಗೊಳ್ತಾ ಇದ್ದೀನಿ. ಎರಡೇ ದಿನಕ್ಕೆ ನೋವು ಮಾಯವಾಯಿತು! ಆದರೆ ಮುಖ ಊದಿಕೊಂಡಿದೆ. ದಿನಾ ನುಂಗುವ ಹೊಸ ಮಾತ್ರೆ ಬಂದಿದೆಯಂತೆ, ಈಗ ಅಗ್ಗವೂ ಆಗಿದೆಯಂತೆ ಅಂತಾರೆ ನಮ್ಮ ಮನೆಯವರು. ನಾನೇನು ಮಾಡಲಿ?"

- ಹೆಸರು ಬೇಡ, ಹಾವೇರಿ ಜಿಲ್ಲೆ

ಈ ಒಂದು ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ವಾರದ ಮಾತ್ರೆ, ಪುಡಿ, ಹೊಸ ಮಾತ್ರೆ, ಇನ್ನೊಂದು ಮಗು. ನಾಲ್ಕಕ್ಕೂ ಉತ್ತರ ಸಿಗಬೇಕಾದರೆ ಯಾವ ಔಷಧಿ ದೇಹದೊಳಗೆ ಹೋಗಿ ಏನು ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಗಬೇಕು. ಅದಕ್ಕೂ ಮುಂಚೆ ಒಂದು ಮಾತು. ಆ ಪುಡಿಯನ್ನು ಮುಂದುವರಿಸಬೇಡಿ, ಹಾಗಂತ ಯಾರನ್ನೂ ಕೇಳದೆ ದಿಢೀರನೆ ಬಿಡಲೂ ಬೇಡಿ. ಇವತ್ತೋ ನಾಳೆಯೋ ಪುಡಿಯ ಪೊಟ್ಟಣ ಸಮೇತ ನಿಮ್ಮ ಡಾಕ್ಟರ ಬಳಿ ಹೋಗಿ. ಕಾರಣ ಮುಂದೆ ಓದಿ.

ಕೊರೊನಾ ಪರಿಚಯಿಸಿದ ಹೆಸರುಗಳು

ಸಂಧಿವಾತದ ಔಷಧಿಗಳ ಹೆಸರು ನಮ್ಮ ಮನೆಮನೆಗೆ ಬಂದದ್ದು ಸಂಧಿವಾತದಿಂದಲ್ಲ, ಕೊರೊನಾದಿಂದ. 2020ರ ಮಾರ್ಚ್ ನೆನಪಿದೆಯಾ? ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗಿದರೆ ಕೊರೊನಾ ಬರೋದಿಲ್ಲವಂತೆ ಅಂತ ಜನ ಅಂಗಡಿಗೆ ಮುಗಿಬಿದ್ದರು. ಸರ್ಕಾರ ಅದರ ರಫ್ತು ನಿಲ್ಲಿಸಿತು, ಚೀಟಿ ಇಲ್ಲದೆ ಮಾರಬಾರದು ಅಂತ ಬಿಗಿ ನಿಯಮ ತಂದಿತು. ಅಷ್ಟರಲ್ಲಿ ವರ್ಷಗಟ್ಟಲೆ ಅದೇ ಮಾತ್ರೆಯ ಮೇಲೆ ನಿಂತಿದ್ದ ಸಂಧಿವಾತದ, ಲೂಪಸ್ ರೋಗದ ಹೆಣ್ಣುಮಕ್ಕಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಆ ಮಾತ್ರೆಯಿಂದ ಕೊರೊನಾ ರೋಗಿಗಳಿಗೆ ಪ್ರಯೋಜನವಿಲ್ಲ ಅಂತ ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೋರಿಸಿತು. 2021ರ ಎರಡನೇ ಅಲೆಯಲ್ಲಿ ಟೊಸಿಲಿಜುಮಾಬ್ ಅನ್ನುವ ಇಂಜೆಕ್ಷನ್‌ಗೆ ಹಾಹಾಕಾರವೆದ್ದಿತು. ಅದೂ ಸಂಧಿವಾತದ್ದೇ. ಬಾರಿಸಿಟಿನಿಬ್ ಮಾತ್ರೆಯೂ ಅಷ್ಟೇ.

ಕೊರೊನಾಕ್ಕೂ ಕೀಲಿಗೂ ಎತ್ತಣಿಂದೆತ್ತಣ ಸಂಬಂಧ ಅಂತೀರಾ? ಎರಡರಲ್ಲೂ ಕಾಪಾಡಬೇಕಾದ ರೋಗನಿರೋಧಕ ಶಕ್ತಿಯೇ ಮಿತಿಮೀರಿ ಮೈಮೇಲೆ ಬೀಳುತ್ತದೆ. ಅದನ್ನು ತಗ್ಗಿಸುವ ಔಷಧಿಗಳು ಎರಡೂ ಕಡೆ ಬಳಕೆಗೆ ಬಂದವು.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಔಷಧಿಗಳು ನಮ್ಮ ದೇಶದಲ್ಲೇ ತಯಾರಾಗಿ ಬೆಲೆ ಇಳಿದಿದೆ. ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೂ ಬೆರಳು ಸೊಟ್ಟಗಾದ ಮೇಲೆ ಆಸ್ಪತ್ರೆಗೆ ಬರುವವರು ಇದ್ದೇ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಔಷಧಿ ಸಿಗಲಿಲ್ಲ ಅಂತಲ್ಲ. ತಡವಾಗಿ ಶುರು ಮಾಡಿದ್ದು, ಇಲ್ಲವೇ ಹೆದರಿ ಅರ್ಧಕ್ಕೆ ಬಿಟ್ಟದ್ದು ಕಾರಣ. ನಿಮ್ಮ ಪತ್ರದ ಕಥೆಯೂ ಅದೇ.

ಸಂದಿನೊಳಗೆ ನಡೆಯುವುದೇನು?

ವಯಸ್ಸಾದವರ ಮಂಡಿ ಸವೆತ ಬೇರೆ, ಇದು ಬೇರೆ. ಪ್ರತಿ ಕೀಲಿನ ಒಳಗೆ ತೆಳುವಾದ ಒಂದು ಪೊರೆ ಇರುತ್ತದೆ. ಕೀಲು ಸಲೀಸಾಗಿ ಆಡಲು ಬೇಕಾದ ದ್ರವ ಅಲ್ಲಿಂದಲೇ ಬರುವುದು. ರುಮಟಾಯ್ಡ್ ಸಂಧಿವಾತದಲ್ಲಿ ನಮ್ಮದೇ ಬಿಳಿರಕ್ತಕಣಗಳು ಈ ಪೊರೆಯನ್ನು ಶತ್ರು ಅಂತ ತಿಳಿದು ಮುತ್ತಿಗೆ ಹಾಕುತ್ತವೆ. ಪೊರೆ ದಪ್ಪವಾಗುತ್ತದೆ, ಊದುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಕೊರೆದುಹೋದ ಮೂಳೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಈ ಹಾನಿ ಮೊದಲ ಒಂದೆರಡು ವರ್ಷಗಳಲ್ಲೇ ಶುರುವಾಗಬಹುದು. ಅದಕ್ಕೇ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಬೀಳಬೇಕು ಅಂತ ತಜ್ಞರು ಹೇಳುವುದು.

ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಯ ಸಣ್ಣ ಸಂದುಗಳು ಒಟ್ಟಿಗೇ ಊದುವುದು, ಬೆಳಗಿನ ಬಿಗಿತ ಅರ್ಧ ಗಂಟೆ ಒಂದು ಗಂಟೆಯಾದರೂ ಬಿಡದಿರುವುದು ಇದರ ಮುಖ್ಯ ಲಕ್ಷಣ. 'ಬಟ್ಟೆ ಒಗೆದು ಒಗೆದು ಹೀಗಾಗಿದೆ' ಅಂತ ಸುಮ್ಮನಿರಬಾರದು.

ನೋವು ಇಳಿಸುವುದೇ ಬೇರೆ, ರೋಗ ತಡೆಯುವುದೇ ಬೇರೆ

ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ನೋವು, ಊತ ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ತಡೆಯುತ್ತವೆ. ನೋವು ಇಳಿಯುತ್ತದೆ, ಒಳಗಿನ ಕೊರೆತ ಮಾತ್ರ ನಿಲ್ಲುವುದಿಲ್ಲ. ಮನೆಗೆ ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆಯೂ ಬರಬಹುದು.

ಸ್ಟೀರಾಯ್ಡ್ ಇನ್ನೂ ಜೋರಾದದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರ ತಂಡ 29 ವರ್ಷದ ಸಂಧಿವಾತದ ಮಹಿಳೆಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಿತು. ಹಾಸಿಗೆ ಬಿಟ್ಟು ಏಳಲು ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದರು. ಪವಾಡವೇ ಆಯಿತು ಅಂದುಕೊಂಡರು ಜನ. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ಕೊಟ್ಟಾಗ ಮುಖ ಊದುವುದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಟೊಳ್ಳಾಗುವುದು ಎಲ್ಲಾ ಕಾಣಿಸಿಕೊಂಡಿತು. ಈಗ ಸ್ಟೀರಾಯ್ಡ್ ಅಂದರೆ ಸೇತುವೆಯಿದ್ದ ಹಾಗೆ. ನಿಧಾನವಾಗಿ ಕೆಲಸ ಮಾಡುವ ಮುಖ್ಯ ಔಷಧಿ ಹಿಡಿಯುವ ತನಕ ಕಡಿಮೆ ಪ್ರಮಾಣದಲ್ಲಿ ಕೆಲವು ವಾರ ಕೊಟ್ಟು, ಮೆಲ್ಲನೆ ಇಳಿಸುತ್ತಾರೆ. ಸೇತುವೆಯ ಮೇಲೆ ಮನೆ ಕಟ್ಟಬಾರದು.

ಈಗ ನಿಮ್ಮ ಪುಡಿಯ ವಿಚಾರ. ಹೆಸರು, ಚೀಟಿ ಏನೂ ಇಲ್ಲದ ಪುಡಿ ಎರಡೇ ದಿನದಲ್ಲಿ ನೋವು ಮಾಯ ಮಾಡಿ ಮುಖವನ್ನೂ ಊದಿಸಿದೆ ಅಂದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಎಂಬ ಅನುಮಾನ ಮೊದಲು ಬರಬೇಕು. ಇಂಥ ಬೆರಕೆ ನಮ್ಮ ದೇಶದಲ್ಲಿ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಇದು ಆಯುರ್ವೇದದ ತಪ್ಪಲ್ಲ, ಅದರ ಹೆಸರಲ್ಲಿ ಮಾಡುವ ಮೋಸ. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಆಗ ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಸುಸ್ತು, ವಾಂತಿ, ರಕ್ತದೊತ್ತಡ ಕುಸಿತವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೇ ಡಾಕ್ಟರ ಉಸ್ತುವಾರಿಯಲ್ಲೇ ಬಿಡಬೇಕು ಅಂದದ್ದು.

ಆ 'ಕ್ಯಾನ್ಸರ್ ಮಾತ್ರೆ' ಯಾವುದು?

ನೀವು ಬಿಟ್ಟಿರುವ ವಾರದ ಮಾತ್ರೆ ಮೆಥೊಟ್ರೆಕ್ಸೇಟ್ ಇರಬೇಕು. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮಾತ್ರೆ ಸಾಮಾನ್ಯವಾಗಿ ಅದೇ. ಮೆಡಿಕಲ್ ಶಾಪಿನ ಹುಡುಗ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ.

ಈ ಔಷಧಿ ಹುಟ್ಟಿದ್ದು 1940ರ ದಶಕದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಕ್ಯಾನ್ಸರ್ ಕಣಗಳು ಬೆಳೆಯಲು ಫೋಲಿಕ್ ಆಮ್ಲ ಬೇಕು. ಅದಕ್ಕೆ ಅಡ್ಡಗಾಲು ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ ಅನ್ನುವುದು ಇದರ ಹಿಂದಿನ ವಿಚಾರ. ಕೆಲವು ಕ್ಯಾನ್ಸರ್‌ಗಳಿಗೆ ಇದನ್ನು ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಸಂಧಿವಾತಕ್ಕೆ ಕೊಡುವುದು ಇಡೀ ವಾರಕ್ಕೆ ಏಳೂವರೆಯಿಂದ 25 ಮಿಲಿಗ್ರಾಂ ಮಾತ್ರ. ಒಂದು ಚಿಟಿಕೆ ಉಪ್ಪಿಗೂ ಒಂದು ಸೇರು ಉಪ್ಪಿಗೂ ಇರುವಷ್ಟು ಅಂತರ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದರ ಕೆಲಸವೇ ಬೇರೆ. ಉರಿಯೂತವನ್ನು ತಣಿಸುವ ಅಡಿನೋಸಿನ್ ಅನ್ನುವ ಪದಾರ್ಥವನ್ನು ಹೆಚ್ಚಿಸಿ, ರೊಚ್ಚಿಗೆದ್ದ ಬಿಳಿರಕ್ತಕಣಗಳನ್ನು ಸಮಾಧಾನ ಮಾಡುತ್ತದೆ ಅಂತ ವಿಜ್ಞಾನಿಗಳು ವಿವರಿಸುತ್ತಾರೆ. 1988ರಲ್ಲಿ ಅಮೆರಿಕ ಇದನ್ನು ಸಂಧಿವಾತಕ್ಕೆ ಒಪ್ಪಿತು. ಇವತ್ತಿಗೂ ಜಗತ್ತಿನೆಲ್ಲೆಡೆ ತಜ್ಞರು ಮೊದಲು ಬರೆಯುವುದು ಇದನ್ನೇ.

ಜೊತೆಗೆ ಕೊಡುವ ಹಳದಿ ಬಣ್ಣದ ಚಿಕ್ಕ ಮಾತ್ರೆ ಫೋಲಿಕ್ ಆಮ್ಲ. ಬಾಯಿಹುಣ್ಣು, ವಾಕರಿಕೆ, ಲಿವರ್ ತೊಂದರೆ ತಗ್ಗಿಸಲು ಅದು ಬೇಕು. ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದೂ ಸುಬ್ಬರಾವ್ ಅವರ ತಂಡವೇ ಅನ್ನುವುದು ಸ್ವಾರಸ್ಯ!

ಇದು ಕೆಲಸ ಶುರು ಮಾಡಲು ಆರರಿಂದ ಹನ್ನೆರಡು ವಾರ ಬೇಕು. 'ಎರಡು ಸಲ ನುಂಗಿದೆ, ಏನೂ ಆಗಲಿಲ್ಲ' ಅಂತ ಬಿಡುವಂತಿಲ್ಲ. ಲಿವರ್, ರಕ್ತಕಣ, ಕಿಡ್ನಿ ಪರೀಕ್ಷೆಯನ್ನು ಮೊದಲು ಬೇಗ ಬೇಗ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಮಾಡಿಸಲೇಬೇಕು. ನಿಜವಾಗಿ ಹೆದರಬೇಕಾದದ್ದು ಒಂದಕ್ಕೆ. ವಾರಕ್ಕೊಮ್ಮೆಯ ಮಾತ್ರೆಯನ್ನು ಮರೆತು ದಿನಾ ನುಂಗುವುದಕ್ಕೆ. ಅದರಿಂದ ಬಾಯೆಲ್ಲಾ ಹುಣ್ಣಾಗಿ, ರಕ್ತಕಣಗಳು ಕುಸಿದು ಸಾವು ಸಂಭವಿಸಿದ್ದುಂಟು. ಒಂದು ವಾರವನ್ನು ಗೊತ್ತು ಮಾಡಿಕೊಂಡು, ಮಾತ್ರೆಯ ಡಬ್ಬಿಯ ಮೇಲೆ 'ಬುಧವಾರ ಮಾತ್ರ' ಅಂತ ದಪ್ಪಕ್ಷರದಲ್ಲಿ ಬರೆದಿಡಿ.

ಜೊತೆಗಾರ ಮಾತ್ರೆಗಳು

ಮೆಥೊಟ್ರೆಕ್ಸೇಟ್ ಒಂದೇ ಸಾಲದಿದ್ದರೆ ಜೊತೆಗೆ ಬೇರೆ ಮಾತ್ರೆ ಸೇರಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮೂಲದಲ್ಲಿ ಮಲೇರಿಯಾದ್ದು. ತಪ್ಪು ಸಂದೇಶ ಸಾಗಿಸುವ ರೋಗನಿರೋಧಕ ಕಣಗಳ ಕೆಲಸವನ್ನು ಮಂದ ಮಾಡುತ್ತದೆ. ವರ್ಷಾನುಗಟ್ಟಲೆ ತಗೊಳ್ಳುವವರು ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಸಲ್ಫಸಲಾಜಿನ್ ಎಂಬ ಇನ್ನೊಂದು ಮಾತ್ರೆಯ ಹಿಂದೆ ಒಬ್ಬ ಹೆಣ್ಣುಮಗಳಿದ್ದಾರೆ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಜ್ ಸಂಧಿವಾತಕ್ಕೆಂದೇ ಸಲ್ಫಾ ಔಷಧಿಯನ್ನೂ ಆಸ್ಪಿರಿನ್ ಬಳಗದ ಔಷಧಿಯನ್ನೂ ಬೆಸೆದು ಇದನ್ನು ರೂಪಿಸಿದರು. ಲೆಫ್ಲುನೊಮೈಡ್ ಬಿಳಿರಕ್ತಕಣಗಳು ಗುಂಪುಗುಂಪಾಗಿ ಹುಟ್ಟಿಕೊಳ್ಳಲು ಬೇಕಾದ ಕಚ್ಚಾ ಸಾಮಗ್ರಿಯನ್ನೇ ತಡೆಯುತ್ತದೆ.

ದುಬಾರಿಯಾದದ್ದೇ ಒಳ್ಳೆಯದು ಅನ್ನುವವರು ಇದನ್ನು ಗಮನಿಸಬೇಕು. ಮೆಥೊಟ್ರೆಕ್ಸೇಟ್ ಒಂದರಿಂದಲೇ ಹತೋಟಿಗೆ ಬಾರದ 353 ರೋಗಿಗಳ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್, ಸಲ್ಫಸಲಾಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮೂರನ್ನೂ ಕೂಡಿಸಿ ಕೊಡುವ ಚಿಕಿತ್ಸೆಯಿಂದಲೇ ಶುರು ಮಾಡಿ, ಗುಣ ಕಾಣದವರಿಗೆ ಮಾತ್ರ ಇಂಜೆಕ್ಷನ್‌ಗೆ ಬದಲಾಯಿಸುವ ಕ್ರಮ, ಮೊದಲೇ ದುಬಾರಿ ಇಂಜೆಕ್ಷನ್ ಕೊಡುವುದಕ್ಕಿಂತ ಕಡಿಮೆಯೇನಲ್ಲ ಅಂತ ಅದು ತೋರಿಸಿತು. ಈ ಮೂರೂ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಹಾಗಾಗಿ ಬೆಲೆಗೆ ಮಿತಿ ಇದೆ. ಪಗಾರ ಕಡಿಮೆ ಇರುವ ಮನೆಗೂ ನಿಲುಕುತ್ತವೆ.

ಇಂಜೆಕ್ಷನ್ ಅಗ್ಗವಾದ ಕಥೆ

ಮಾತ್ರೆಗಳಿಗೆ ರೋಗ ಬಗ್ಗದಿದ್ದಾಗ 'ಬಯಾಲಾಜಿಕಲ್' ಇಂಜೆಕ್ಷನ್ ಬರುತ್ತದೆ. ಲಂಡನ್ನಿನ ವಿಜ್ಞಾನಿಗಳಾದ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಒಂದು ವಿಷಯ ಕಂಡುಹಿಡಿದರು. ಊದಿದ ಕೀಲಿನಲ್ಲಿ 'ಟಿಎನ್‌ಎಫ್' ಅನ್ನುವ ಒಂದು ಪ್ರೋಟೀನ್ ಮುಂದಾಳು. ಅದು ಕೂಗಿದರೆ ಉಳಿದ ರಾಸಾಯನಿಕಗಳೆಲ್ಲಾ ಓಡಿಬರುತ್ತವೆ. ಆ ಒಂದನ್ನು ಹಿಡಿದು ಕಟ್ಟಿಹಾಕಿದರೆ? 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳಿಗೆ ಆ ಔಷಧಿ ಕೊಟ್ಟಾಗ ಗುಣ ಕಂಡಿತು. ಇನ್‌ಫ್ಲಿಕ್ಸಿಮಾಬ್, ಎಟನರ್ಸೆಪ್ಟ್, ಅಡಾಲಿಮುಮಾಬ್ ಬಂದದ್ದು ಈ ದಾರಿಯಲ್ಲೇ. ಟೊಸಿಲಿಜುಮಾಬ್ ತಡೆಯುವುದು ಐಎಲ್-6 ಎಂಬ ಇನ್ನೊಂದು ಸಂದೇಶವಾಹಕವನ್ನು. ರಿಟುಕ್ಸಿಮಾಬ್ ತಪ್ಪು ಪ್ರತಿಕಾಯ ಹುಟ್ಟಿಸುವ ಬಿ-ಕಣಗಳನ್ನೇ ತೆಗೆದುಹಾಕುತ್ತದೆ.

ಬೆಲೆ ಮಾತ್ರ ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಅಡಾಲಿಮುಮಾಬ್‌ನ ಪ್ರತಿರೂಪವನ್ನು, ಅಂದರೆ 'ಬಯೋಸಿಮಿಲರ್' ಅನ್ನು, ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಪೇಟೆಂಟ್ ತಕರಾರು ಮುಗಿದು ಇಂಥ ಪ್ರತಿರೂಪ ಮಾರಾಟಕ್ಕೆ ಬಂದದ್ದು 2023ರಲ್ಲಿ. ನಮ್ಮ ಬೆಂಗಳೂರಿನ ಬಯೋಕಾನ್ ಬಳಗವೂ ಆ ವರ್ಷ ಅಲ್ಲಿ ಮಾರಾಟಕ್ಕಿಳಿಯಿತು. ಅಗ್ಗವಾಯಿತು ಅಂದರೂ ತಿಂಗಳಿಗೆ ಸಾವಿರಾರು ರೂಪಾಯಿ ಬೇಕೇ ಬೇಕು. ಮಧ್ಯದಲ್ಲಿ ಹಣ ಸಾಲದೆ ನಿಲ್ಲಿಸುವುದಾದರೆ ಎಷ್ಟು ಕಾಲ ಬೇಕು, ಎಷ್ಟು ಖರ್ಚು ಅಂತ ಮೊದಲೇ ಡಾಕ್ಟರ ಜೊತೆ ಮಾತಾಡಿ.

ಇನ್ನೊಂದು ಎಚ್ಚರಿಕೆ ನಮ್ಮ ದೇಶಕ್ಕೇ ವಿಶೇಷ. ದೇಹದೊಳಗೆ ಮಲಗಿರುವ ಕ್ಷಯದ ಕ್ರಿಮಿಗಳಿಗೆ ಬೇಲಿ ಹಾಕಿ ಕಾಯುವುದೂ ಈ ಟಿಎನ್‌ಎಫ್. ಅದನ್ನು ತಡೆದರೆ ಕ್ಷಯ ಎದ್ದು ಕೂರಬಹುದು. ಆದ್ದರಿಂದ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಮಾಡಿಸದೆ ಇಂಥ ಇಂಜೆಕ್ಷನ್ ಚುಚ್ಚಿಸಿಕೊಳ್ಳಬಾರದು.

ದಿನಾ ನುಂಗುವ ಹೊಸ ಮಾತ್ರೆ

ನಿಮ್ಮ ಮನೆಯವರು ಹೇಳಿದ್ದು ಟೊಫಾಸಿಟಿನಿಬ್ ಅಥವಾ ಬಾರಿಸಿಟಿನಿಬ್ ಇರಬಹುದು. ಇವು 'ಜಾಕ್' ತಡೆ ಮಾತ್ರೆಗಳು. ಹೊರಗಿನ ಸಂದೇಶ ಜೀವಕೋಶದ ಬಾಗಿಲಿಗೆ ಬಂದ ಮೇಲೆ ಒಳಗೆ ಗಂಟೆ ಬಾರಿಸಲು ಒಂದು ತಂತಿ ಬೇಕಲ್ಲ, ಆ ತಂತಿಯನ್ನೇ ಕಡಿಯುತ್ತವೆ. ಇಂಜೆಕ್ಷನ್ ಬೇಡ, ಫ್ರಿಡ್ಜ್ ಬೇಡ, ಗುಣವೂ ಬೇಗ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ಕೊರೊನಾ ನೆಪದಲ್ಲಿ ಬಾರಿಸಿಟಿನಿಬ್ ತಯಾರಿಸಲು ನಮ್ಮ ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಟೊಫಾಸಿಟಿನಿಬ್ ಅನ್ನೂ ಈಗ ಹಲವು ಭಾರತೀಯ ಕಂಪನಿಗಳು ಕಡಿಮೆ ಬೆಲೆಗೆ ಮಾರುತ್ತಿವೆ.

ಆದರೆ ಅಗ್ಗ ಅನ್ನುವ ಒಂದೇ ಕಾರಣಕ್ಕೆ ಮೊದಲು ಇದನ್ನೇ ಹಿಡಿಯುವುದು ಸರಿಯಲ್ಲ. 50 ದಾಟಿದ, ಹೃದ್ರೋಗಕ್ಕೆ ಕಾರಣವಾಗುವ ಯಾವುದಾದರೂ ಅಂಶ ಇದ್ದ ರೋಗಿಗಳಲ್ಲಿ ಟಿಎನ್‌ಎಫ್ ಇಂಜೆಕ್ಷನ್‌ಗೆ ಹೋಲಿಸಿದರೆ ಟೊಫಾಸಿಟಿನಿಬ್‌ನಿಂದ ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು, ಕ್ಯಾನ್ಸರ್ ಹೆಚ್ಚು ಅಂತ ಕಂಡುಬಂದಾಗ, 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಗುಂಪಿನ ಮಾತ್ರೆಗಳಿಗೆ ಗಂಭೀರ ಎಚ್ಚರಿಕೆ ಸೇರಿಸಿದರು. ಸರ್ಪಸುತ್ತು ಬರುವ ಸಾಧ್ಯತೆಯೂ ಹೆಚ್ಚು. ಗರ್ಭಿಣಿಯಾಗಬೇಕೆಂದಿರುವವರಿಗೆ ಇವನ್ನು ಕೊಡುವುದಿಲ್ಲ. 'ಕ್ಯಾನ್ಸರ್ ಮಾತ್ರೆ' ಅಂತ ಹೆದರಿ ಮೆಥೊಟ್ರೆಕ್ಸೇಟ್ ಬಿಟ್ಟು, ಕ್ಯಾನ್ಸರ್ ಎಚ್ಚರಿಕೆ ಇರುವ ಮಾತ್ರೆಗೆ ನೀವಾಗಿ ಹಾರುವುದರಲ್ಲಿ ಏನು ಅರ್ಥ? ತಜ್ಞರು ನೋಡಿ, ಅಗತ್ಯವಿದ್ದಾಗ ಕೊಟ್ಟರೆ ಅದು ಒಳ್ಳೆಯ ಔಷಧಿಯೇ.

ಇನ್ನೊಂದು ಮಗು?

ಅತ್ತೆಯವರ ಆತಂಕದಲ್ಲಿ ನಿಜಾಂಶವಿದೆ. ಮೆಥೊಟ್ರೆಕ್ಸೇಟ್ ಇದ್ದಾಗ ಗರ್ಭ ಧರಿಸಕೂಡದು. ಮಗುವಿಗೆ ಅಂಗದೋಷ, ಗರ್ಭಪಾತದ ಅಪಾಯವಿದೆ. ಲೆಫ್ಲುನೊಮೈಡ್ ಕೂಡ ಬೇಡ. ಅದು ಬಹಳ ಕಾಲ ದೇಹದಲ್ಲಿ ಉಳಿಯುವುದರಿಂದ ತೊಳೆದು ತೆಗೆಯಲು ಬೇರೆ ಔಷಧಿಯೇ ಕೊಡಬೇಕಾಗುತ್ತದೆ. ಆದರೆ ಮೆಥೊಟ್ರೆಕ್ಸೇಟ್‌ನಿಂದ ಮುಂದೆ ಮಕ್ಕಳೇ ಆಗುವುದಿಲ್ಲ ಅನ್ನುವುದು ಸುಳ್ಳು. ಗರ್ಭಕ್ಕೆ ಪ್ರಯತ್ನಿಸುವ ಒಂದರಿಂದ ಮೂರು ತಿಂಗಳ ಮುಂಚೆ ಅದನ್ನು ನಿಲ್ಲಿಸಿ, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಾಜಿನ್‌ನಂಥ ಗರ್ಭದಲ್ಲೂ ಕೊಡಬಹುದಾದ ಮಾತ್ರೆಗೆ ಬದಲಾಯಿಸುತ್ತಾರೆ. ಅಲ್ಲಿಯವರೆಗೆ ಗರ್ಭನಿರೋಧಕ ಕಡ್ಡಾಯ. ಎಷ್ಟೋ ಜನರಿಗೆ ಬಸುರಿಯಲ್ಲಿ ನೋವು ತಾನಾಗೇ ಕಡಿಮೆಯಾಗಿ, ಬಾಣಂತನದಲ್ಲಿ ಮತ್ತೆ ಏಳುತ್ತದೆ. ಹಾಲೂಡಿಸುವಾಗಲೂ ಮೆಥೊಟ್ರೆಕ್ಸೇಟ್ ಬೇಡ.

ಬರೀ ನಿಲ್ಲಿಸುವುದಕ್ಕೂ ಬದಲಾಯಿಸುವುದಕ್ಕೂ ಇರುವ ವ್ಯತ್ಯಾಸ ಇದು. ನೀವು ಮಾಡಿರುವುದು ನಿಲ್ಲಿಸುವುದು, ಮಾಡಬೇಕಾದದ್ದು ಬದಲಾಯಿಸುವುದು. ಕೂಸನ್ನು ಎತ್ತಿಕೊಳ್ಳಲು ಕೈಬೆರಳು ನೆಟ್ಟಗಿರಬೇಕಲ್ಲವೇ? ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅತ್ತೆಯವರನ್ನೂ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ಔಷಧಿ ನುಂಗುವುದು ನೀವೊಬ್ಬರೇ ಆದರೂ, ಅದನ್ನು ನಿಲ್ಲಿಸಿದ್ದು ಇಡೀ ಮನೆಯ ಹೆದರಿಕೆ. ಆ ಹೆದರಿಕೆ ಹೋದರೆ ಅರ್ಧ ಚಿಕಿತ್ಸೆ ಆದ ಹಾಗೆ.

ನೆನಪಿಡಿ

* ಬೆಳಗಿನ ಬಿಗಿತ, ಸಣ್ಣ ಸಂದುಗಳ ಊತ ಆರು ವಾರ ಉಳಿದರೆ ಸಂಧಿವಾತ ತಜ್ಞರಿಗೆ (ರುಮಟಾಲಜಿಸ್ಟ್) ತೋರಿಸಿ.

* ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಫೋಲಿಕ್ ಆಮ್ಲ ತಪ್ಪಿಸಬೇಡಿ. ಮದ್ಯ ಬೇಡ.

* ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ, ಬಾಯಿಹುಣ್ಣು ಬಂದರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟರನ್ನು ಕೇಳಿ.

* ಬೇರೆ ಕಾಯಿಲೆಗೆ ಯಾವ ಡಾಕ್ಟರ ಬಳಿ ಹೋದರೂ ಈ ಮಾತ್ರೆಯ ಹೆಸರು ಹೇಳಿ. ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಅಪಾಯ.

* ಲೇಬಲ್ ಇಲ್ಲದ ಪುಡಿ, ಗುಳಿಗೆ ಯಾರೇ ಕೊಟ್ಟರೂ ಬೇಡ.

* ಮಗು ಬೇಕೆಂದರೆ ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ ಔಷಧಿ ಬದಲಾಯಿಸಿ.